ಸೋಮವಾರ ಹೂಡದ ಕಾರು

ಎಣ್ಣೆ ಯಾವಾಗ ಬದಲಿಸಬೇಕು ಎಂದು ಕೇಳದ ಗಿರಾಕಿಯನ್ನು ನಾನು ಕಂಡಿಲ್ಲ. ಹೇಳಿದ ದಿನಕ್ಕೆ ಬಂದು ಬದಲಿಸಿಕೊಂಡು ಹೋದ ಗಿರಾಕಿಯನ್ನು ಕಂಡದ್ದು ಅಪರೂಪ. ಆದರೆ ಗಿರಾಕಿಗಳನ್ನು ಬೈಯುವುದಕ್ಕೆಂದು ನಾನು ಇದನ್ನು ಬರೆಯುತ್ತಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಕಣ್ಣು ಮಂಜಾದ ಮೇಲೆ ಬಿಟ್ಟವನು ನಾನು. ಈಗ ಹೊಸದಾಗಿ ಸ್ಪ್ಯಾನರ್ ಹಿಡಿದವರು ಮನೆಗೆ ಬಂದು, "ಅಜ್ಜಾರ, ನಿಮ್ಮ ಕಾಲದಾಗ ಮಶೀನು ಗಿಶೀನು ಇದ್ದಿದ್ದಿಲ್ಲ, ಎಣ್ಣಿ ಕೆಟ್ಟದ್ದು ಹ್ಯಾಂಗ ತಿಳೀತಿತ್ರಿ?" ಎಂದು ಕೇಳುತ್ತಾರೆ. ತಿಳಿಯುತ್ತಿರಲಿಲ್ಲ ಎಂಬುದೇ ನಿಜವಾದ ಉತ್ತರ. ತಿಳಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ. ಆ ಸೊಕ್ಕಿನಲ್ಲಿ, ಎಪ್ಪತ್ತರ ದಶಕದ ಒಂದು ಭಾನುವಾರ, ಏಳು ತಿಂಗಳ ಬಸುರಿಯೊಬ್ಬಳು ಕೂರಬೇಕಾಗಿದ್ದ ಕಾರಿನ ಬ್ರೇಕನ್ನು ನನ್ನ ಕೈಯಾರೆ ಕೆಡಿಸಿ ಕಳಿಸಿದೆ. ಆ ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಆ ಸೊಕ್ಕು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು.

ನನ್ನ ಅಪ್ಪ ತಂಗಡಗಿಯಲ್ಲಿ ಬಡಿಗ. ಸುತ್ತಲಿನ ಊರುಗಳಿಗೆ ಎತ್ತಿನ ಗಾಡಿ ಮಾಡಿಕೊಡುತ್ತಿದ್ದ. ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯನ್ನೂ, ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಬೂದಿ ಕಲಸಿ, ಅವನೇ ಮಾಡುತ್ತಿದ್ದ. ಅದನ್ನು ಯಾವಾಗ ಹಾಕಬೇಕೆಂದು ಯಾರಾದರೂ ಕೇಳಿದರೆ ಅವನ ಉತ್ತರ ಒಂದೇ. "ಗಾಡಿ ತಾನ ಹೇಳತೈತಿ. ಕೂಗಿದಾಗ ಹಾಕು." ಗಾಲಿ ಕಿರ್ರೆಂದು ಕೂಗಿದರೆ ಎಣ್ಣೆ, ಸುಮ್ಮನಿದ್ದರೆ ನಾವೂ ಸುಮ್ಮನೆ. ಗಾಡಿಯ ಮಟ್ಟಿಗೆ ಇದು ಬಂಗಾರದಂಥ ಮಾತು.

ಕಷ್ಟವೇನೆಂದರೆ, ನಮ್ಮ ಕಡೆಯ ಜನ ಕಾರು, ಜೀಪು ಕೊಂಡಾಗಲೂ ಇದೇ ಮಾತನ್ನು ಹಿಡಿದುಕೊಂಡರು. ಇಂಜಿನ್ನು ಕೂಗಲಿ ಎಂದು ಕಾಯುತ್ತಿದ್ದರು. ಇಂಜಿನ್ನು ಕೂಗಿತೆಂದರೆ ಬೇರಿಂಗು ಸತ್ತಿತೆಂದೇ ಅರ್ಥ. ಓಡಿದ ದೂರ ನೋಡೋಣವೆಂದರೆ, ಆಗಿನ ರಸ್ತೆಯ ಧೂಳಿಗೂ ಕುಣಿಗೂ ಮೀಟರಿನ ತಂತಿ ಒಂದು ವರ್ಷವೂ ಬಾಳುತ್ತಿರಲಿಲ್ಲ. "ಎಷ್ಟು ಓಡೇತ್ರಿ?" ಎಂದು ಕೇಳಿದರೆ "ಬಾಳ ಓಡೇತ್ರಿ" ಎನ್ನುತ್ತಿದ್ದರು. ಆ ಲೆಕ್ಕದ ಮೇಲೆ ನಾವು ಕೆಲಸ ಮಾಡಬೇಕಿತ್ತು.

ನನಗೆ ಕೆಲಸ ಕಲಿಸಿದವರು ಬಿಜಾಪುರದ ಉಸ್ತಾದ್ ಲಾಲಸಾಬರು. ಸಿಟ್ಟು ಬಂದರೆ ಕೈಯಲ್ಲಿದ್ದ ಸ್ಪ್ಯಾನರಿನಿಂದ ಮೊಣಕಾಲಿಗೆ ಕೊಡುತ್ತಿದ್ದರು. ಈಗಲೂ ಚಳಿಗಾಲದಲ್ಲಿ ಅದು ನೋಯುತ್ತದೆ, ಆದರೂ ಅವರ ಮೇಲೆ ನನಗೆ ಒಂದು ಕೂದಲೆಳೆಯಷ್ಟೂ ಬೇಸರವಿಲ್ಲ. ಎಣ್ಣೆಯ ಕಡ್ಡಿ ತೆಗೆದು ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜುವುದು, ಹಿಟ್ಟಿನಂತೆ ನುಣ್ಣಗಿದೆಯೋ ರವೆಯಂತೆ ತಾಗುತ್ತದೋ ನೋಡುವುದು, ಮೂಸಿ ಪೆಟ್ರೋಲಿನ ವಾಸನೆ ಸೇರಿದೆಯೋ ತಿಳಿಯುವುದು, ಹಳೇ ಪೇಪರಿನ ಮೇಲೆ ಹನಿ ಬಿಟ್ಟು ಅದರ ಅಂಚು ಹೇಗೆ ಹರಡುತ್ತದೆಂದು ಕಾಯುವುದು, ಇದೆಲ್ಲ ಅವರ ಪಾಠ. "ಬೆರಳ ನಂಬು ಮೋನಪ್ಪಾ. ಆದ್ರ ಬೆರಳಿಗೆ ತಿಳೀದಿದ್ದೂ ಐತಿ ಅನ್ನೂದು ನೆನಪಿಡು" ಎನ್ನುತ್ತಿದ್ದರು. ನಾನು ಸಿಂದಗಿಗೆ ಬರುವಾಗ ಮೊದಲನೇ ಅರ್ಧವನ್ನು ಗಂಟು ಕಟ್ಟಿಕೊಂಡು ಬಂದೆ, ಉಳಿದರ್ಧವನ್ನು ಬಿಜಾಪುರದಲ್ಲೇ ಬಿಟ್ಟೆ.

ಎರಡು ವರ್ಷದಲ್ಲಿ ನನ್ನ ಬೆರಳಿಗೆ ಹೆಸರು ಬಂತು. ಮುದ್ದೇಬಿಹಾಳದಲ್ಲಿ ಒಬ್ಬ ವಕೀಲರಿದ್ದರು, ಬಹಳ ಅಂಜುಬುರುಕರು. ಪ್ರತಿ ಅಮಾವಾಸ್ಯೆಗೂ ಇಂಜಿನ್ ಆಯಿಲ್ ಬದಲಿಸುತ್ತಿದ್ದರು. ಬಿಚ್ಚಿ ಬಿಚ್ಚಿ ತಳದ ಬೋಲ್ಟಿನ ತಿರುಪಿನ ಎಳೆ ಸವೆದು, ಕೋರ್ಟಿಗೆ ಹೊರಟ ದಿನವೇ ಬೋಲ್ಟು ಉದುರಿ, ಹಾಕಿದ ಹೊಸ ಎಣ್ಣೆಯೆಲ್ಲ ರಸ್ತೆ ಪಾಲಾಯಿತು. ಆಮೇಲೆ ನನ್ನ ಹತ್ತಿರ ಬಂದರು. ನಾನು ಬೆರಳಲ್ಲಿ ಉಜ್ಜಿ, "ಇನ್ನ ಎರಡು ತಿಂಗಳ ಮುಟ್ಟಬ್ಯಾಡ್ರಿ" ಎಂದೆ. ಹಾಗೇ ನಡೆಯಿತು. ಅವರು ಊರೆಲ್ಲ ಹೊಗಳಿದರು. ಹೊಗಳಿಕೆ ನನಗೆ ಚೆನ್ನಾಗಿಯೇ ಹಿಡಿಸಿತು.

ಶಿವನಗೌಡರ ಜೊತೆ ಜಗಳ ಶುರುವಾದದ್ದು ಆ ದಿನಗಳಲ್ಲೇ. ಬಸವನ ಬಾಗೇವಾಡಿಯಿಂದ ಎರಡು ಹರದಾರಿ ದೂರದ ಹಳ್ಳಿಯವರು. ಒಳ್ಳೆಯ ಕಪ್ಪು ಹೊಲ, ನಾಲ್ಕು ಜೋಡಿ ಎತ್ತು, ಒಂದು ಬಿಳಿ ಅಂಬಾಸಡರ್. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಮೈ ತೊಳೆದು, ಮೇವು ಹಾಕಿ ಬಿಡುತ್ತಾರೆ. ಗೌಡರು ಈ ನಿಯಮವನ್ನು ಕಾರಿಗೂ ಹಚ್ಚಿದ್ದರು. ಸೋಮವಾರ ಅವರ ಕಾರು ದಾರಿಗೆ ಬೀಳುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನನಗೇನೂ ಇರಲಿಲ್ಲ. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ, ತತ್ತಿ ಕುಡಿಸುತ್ತಾರಲ್ಲ, ಅದೇ ದಿನ ಕಾರಿನ ಎಲ್ಲ ಎಣ್ಣೆಯನ್ನೂ, ಬ್ರೇಕಿನದನ್ನೂ ಸೇರಿಸಿ, ಬದಲಿಸಬೇಕೆಂಬುದು ಅವರ ಹಟ.

"ಗೌಡ್ರ, ಬ್ರೇಕಿನ ಎಣ್ಣಿ ನೋಡ್ರಿ, ಇನ್ನ ಎಷ್ಟು ತಿಳಿ ಐತಿ. ಸುಮ್ಮನ ಯಾಕ ಚೆಲ್ಲಬೇಕ್ರಿ?" ಎಂದೆ ನಾನು.

"ನಿನ್ನ ನೋಟ ಕೇಳ್ಲಿಲ್ಲ ಮಿಸ್ತ್ರಿ. ಕಾರಹುಣ್ಣಿವಿ ಬಂದೈತಿ, ಬದಲ್ ಮಾಡು ಅಂದ್ನಿ."

"ಕಾರಿಗೇನು ಕೋಡು ಅದಾವೇನ್ರಿ, ಹಬ್ಬ ಮಾಡಾಕ?"

ಗೌಡರು ನಕ್ಕರು. "ನೀ ಬಡಿಗ್ಯಾನ ಮಗ. ನಿನಗ ಗಾಡಿ ಗೊತ್ತು, ಎತ್ತು ಗೊತ್ತಿಲ್ಲ" ಎಂದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಇಂಜಿನ್ ಆಯಿಲ್ ಮಾತ್ರ ಬದಲಿಸಿದೆ. ಬ್ರೇಕಿನದನ್ನು ಹಾಗೇ ಬಿಟ್ಟು, ಸೋಮವಾರದ ವಿಷಯಕ್ಕೂ ಕೈ ಹಾಕಿದೆ. ಕಾರು ಕಬ್ಬಿಣ, ಅದಕ್ಕೆ ದಣಿವಿಲ್ಲ, ವಾರವಿಲ್ಲ ಎಂದು ಒಂದು ಗಂಟೆ ಭಾಷಣ ಮಾಡಿದೆ. ಕಡೆಗೆ ಅವರು, "ಆತು ಮಾರಾಯಾ, ಒಂದ ಸೋಮವಾರ ಹೂಡಿ ನೋಡ್ತೇನಿ ಬಿಡು" ಎಂದರು. ಗೆದ್ದೆನೆಂದು ಹಿಗ್ಗಿದೆ.

ಅದಾದ ಮೂರು ತಿಂಗಳಿಗೆ ಇಂಡಿಯಿಂದ ಒಂದು ಜೀಪು ಬಂತು. ನಿಂಬೆಹಣ್ಣಿನ ವ್ಯಾಪಾರಿಯದು. ದಾರಿಯುದ್ದಕ್ಕೂ ಕುದಿಯುತ್ತಿತ್ತು. ಅವರ ಊರಿನ ಬಾವಿ ನೀರು ಸವಳು. ರೇಡಿಯೇಟರಿಗೆ ಅದನ್ನೇ ಸುರಿದು ಸುರಿದು, ಒಳಗಿನ ಕೊಳವೆಗಳಲ್ಲಿ ಸುಣ್ಣದಂತೆ ಗಡಸು ಕಟ್ಟಿತ್ತು. "ವರ್ಷಕ್ಕ ಎರಡು ಸಲ ನೀರು ಪೂರಾ ಬದಲಿಸ್ರಿ, ಸಿಹಿನೀರು ಹಾಕ್ರಿ" ಎಂದೆ. ಜೀಪಿನಲ್ಲಿ ಅವನ ಹೆಂಡತಿ ಕೂತಿದ್ದಳು. ಸೆರಗು ಸರಿ ಮಾಡಿಕೊಂಡು, "ಒಂದ ಕೊಡ ಸಿಹಿನೀರು ತರಾಕ ನಾ ಊರ ಹೊರಗ ಹೋಗಿ ಬರ್ತೇನಿ. ಅದನ್ನ ಇದರ ಬಾಯಾಗ ಹಾಕ್ಬೇಕೇನು? ಜೀಪು ಕೆಟ್ರ ಕೆಡ್ಲಿ" ಎಂದಳು. ಉತ್ತರವಿಲ್ಲದಾಗ ಗಂಡಸರು ಮಾಡುವುದನ್ನೇ ಮಾಡಿದೆ. ಒಳಗೆ ಎಷ್ಟು ಗಡಸು ಕಟ್ಟಿದೆ ತೋರಿಸುತ್ತೇನೆಂದು ಆರುವ ಮೊದಲೇ ಮುಚ್ಚಳ ತಿರುವಿದೆ. ಹಬೆ ಎದ್ದು ಬಲಗೈಯ ಬೆರಳುಗಳೆಲ್ಲ ಸುಟ್ಟವು. ಅದು ಶನಿವಾರ.

ಭಾನುವಾರ ಮುಂಜಾನೆ ನನ್ನ ಬಲಗೈಯ ಐದು ಬೆರಳಿಗೂ ಅರಿಶಿನ ಮೆತ್ತಿ ಬಟ್ಟೆ ಕಟ್ಟಿತ್ತು. ಅಂದರೆ ನನ್ನ ಹೆಸರುವಾಸಿ ಬೆರಳು ಆ ದಿನ ಇಲ್ಲ. ಮೂಗಿಗೂ ಅರಿಶಿನದ ವಾಸನೆ ಬಿಟ್ಟು ಬೇರೆ ಹತ್ತುತ್ತಿರಲಿಲ್ಲ. ನನ್ನ ಹೆಂಡತಿ ಕಾಶವ್ವ ಹೇಳಿದ್ದಕ್ಕೆ ಗಾಣಿಗೇರ ಓಣಿಯಿಂದ ಅಡುಗೆಗೆ ಕುಸುಬಿ ಎಣ್ಣೆ ತಂದಿದ್ದೆ. ತಂದದ್ದು ಯಾವುದರಲ್ಲಿ? ಬ್ರೇಕಿನ ಎಣ್ಣೆಯ ಖಾಲಿ ಡಬ್ಬಿಯಲ್ಲಿ. ಆಗ ಒಂದು ಡಬ್ಬಿಯನ್ನೂ ಯಾರೂ ಬಿಸಾಡುತ್ತಿರಲಿಲ್ಲ. ಬಿಸಿನೀರು, ಬೂದಿ ಹಾಕಿ ತಿಕ್ಕಿದರೆ ಅದು ಅಡುಗೆ ಮನೆಯ ಸಾಮಾನು. ಮನೆಗೆ ಒಯ್ಯಲೆಂದು ಅದನ್ನು ಗ್ಯಾರೇಜಿನ ಹಲಗೆಯ ಮೇಲೆ ಇಟ್ಟೆ. ಪಕ್ಕದಲ್ಲಿ ಅದೇ ಬಣ್ಣದ, ಬಾಯಿ ತೆರೆದ ಬ್ರೇಕಿನ ಡಬ್ಬಿ ಇತ್ತು.

ಹತ್ತು ಗಂಟೆಗೆ ಗೌಡರ ಕಾರು ಬಂತು. ಓಡಿಸುವವನು ಭೀಮಶಿ, ಗೌಡರ ಮನೆಯಲ್ಲೇ ಬೆಳೆದವನು.

"ಮಿಸ್ತ್ರಿ, ಬ್ರೇಕ್ ಪೆಡಲ್ ಮೆತ್ತಗಾಗೇತಿ. ಗೌಡ್ರು ಎಣ್ಣಿ ಪೂರಾ ಬದಲ್ ಮಾಡಿಸ್ಕೊಂಡ ಬಾ ಅಂದಾರ. ನಾಳಿ ಮುಂಜಾನೆ ತಂಗಡಗಿಗೆ ಹೋಗಾದೈತಿ, ಗೌರಕ್ಕನ್ನ ಬಾಣಂತನಕ್ಕ ಕರ್ಕೊಂಡ ಬರಾಕ."

ಗೌರಕ್ಕ ಗೌಡರ ಒಬ್ಬಳೇ ಮಗಳು. ನನ್ನ ಊರಿಗೇ ಕೊಟ್ಟಿದ್ದರು. ಏಳನೇ ತಿಂಗಳ ಕುಬಸದ ಶಾಸ್ತ್ರ ಮುಗಿದಿತ್ತು, ಚೊಚ್ಚಲ ಬಸುರಿ. "ನಾಳೆ ಸೋಮವಾರ ಅಲ್ಲೇನೋ?" ಎಂದು ಕೇಳಿದೆ. "ನೀವ ಹೇಳೀರಂತಲ್ರಿ, ಕಾರಿಗೆ ವಾರ ಇಲ್ಲಂತ" ಎಂದು ಭೀಮಶಿ ನಕ್ಕ. ನನಗೂ ಖುಷಿಯಾಯಿತು.

ಈಗ ನೀವು ನೋಡಬೇಕಾದದ್ದು ನನ್ನ ತೀರ್ಮಾನ. ಪೂರಾ ಬದಲಿಸು ಎಂದು ಮಾಲೀಕ ಹೇಳಿ ಕಳಿಸಿದ್ದಾನೆ. ಪೂರಾ ಬದಲಿಸಿದ್ದರೆ ಒಂದು ಹೊಸ ಡಬ್ಬಿಯ ಸೀಲು ಒಡೆಯಲೇಬೇಕಿತ್ತು, ತಪ್ಪು ಆಗುತ್ತಲೇ ಇರಲಿಲ್ಲ. ನಾನು ಬಗ್ಗಿ ನೋಡಿದೆ. ಎಣ್ಣೆ ಇನ್ನೂ ತಿಳಿಯಾಗಿ ಕಂಡಿತು. "ಗೌಡ್ರಿಗೆ ಚೆಲ್ಲೂ ಚಟ. ಇದಕ್ಕ ಏನೂ ಆಗಿಲ್ಲ. ಗಾಳಿ ಹೊಕ್ಕೈತಿ ಅಷ್ಟ" ಎಂದು ಭೀಮಶಿಯಿಂದ ಪೆಡಲ್ ಒತ್ತಿಸಿ, ಎಡಗೈಯಿಂದ ಗಾಲಿಯ ಹತ್ತಿರದ ತಿರುಪು ಬಿಚ್ಚಿ, ಗಾಳಿ ತೆಗೆದು, ಕಡಿಮೆಯಾದಷ್ಟನ್ನು ಹಲಗೆಯ ಮೇಲಿನ ಡಬ್ಬಿಯಿಂದ ಸುರಿದೆ. ಎರಡು ಸಲ ಸುರಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಸಂಜೆ ಉಳಿದ ಡಬ್ಬಿಯನ್ನು ಮನೆಗೆ ಒಯ್ದೆ.

ಸೋಮವಾರ ಮುಂಜಾನೆ ನಾನು ಚಹಾ ಕುಡಿಯುತ್ತಿದ್ದೆ. ಕಾಶವ್ವ ಒಗ್ಗರಣೆಗೆಂದು ಡಬ್ಬಿ ಎತ್ತಿದವಳು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ಮೂಸಿದಳು.

"ರೀ, ಗಾಣಿಗ್ಯಾ ನಿಮಗ ಟೋಪಿ ಹಾಕ್ಯಾನ. ಇದು ಕುಸುಬಿ ಅಲ್ಲ. ಔಡಲೆಣ್ಣಿ ವಾಸನಿ ಹೊಡ್ಯಾಕತ್ತೈತಿ."

ನನ್ನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಆಗಿನ ಬ್ರೇಕಿನ ಎಣ್ಣೆಗೆ ಔಡಲೆಣ್ಣೆ ಬೆರೆತಿರುತ್ತಿತ್ತು. ಆ ಡಬ್ಬಿ ಇಲ್ಲಿದೆ ಎಂದರೆ ಕುಸುಬಿ ಎಲ್ಲಿದೆ ಎಂದು ಯೋಚಿಸಲು ನನಗೆ ಎರಡನೇ ಗುಟುಕು ಬೇಕಾಗಲಿಲ್ಲ.

"ಅದನ್ನ ಒಲಿ ಹತ್ರ ಒಯ್ಯಬ್ಯಾಡ. ಹೊರಗಿಡು, ಕೈ ತೊಳ್ಕೊ" ಎಂದೆ.

"ಏನಾತ್ರಿ?"

"ಗೌಡ್ರ ಕಾರಿನ ಬ್ರೇಕಿಗೆ ನಮ್ಮ ಅಡಗಿ ಎಣ್ಣಿ ಹಾಕೇನಿ."

ಕಾಶವ್ವ ಗೌರಕ್ಕನನ್ನು ಬಲ್ಲವಳು, ಕುಬಸಕ್ಕೆ ಹೋಗಿ ಬಂದವಳು. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಕುಂತೀರಿ ಯಾಕ? ಏಳ್ರಿ" ಎಂದಳು.

ಹೊಸಬರಿಗಾಗಿ ಹೇಳುತ್ತೇನೆ. ಬ್ರೇಕಿನ ಒಳಗೆ ರಬ್ಬರಿನ ಸಣ್ಣ ಬಟ್ಟಲುಗಳಿರುತ್ತವೆ. ಅಡುಗೆ ಎಣ್ಣೆ ಸೇರಿದರೆ ಅವು ನೆನೆಹಾಕಿದ ಕಡಲೆಯಂತೆ ಉಬ್ಬುತ್ತವೆ. ಮೊದಲು ಪೆಡಲ್ ಗಟ್ಟಿಯಾದಂತೆ ಕಂಡು ಓಡಿಸುವವನಿಗೆ ಖುಷಿಯಾಗುತ್ತದೆ. ಆಮೇಲೆ ಹಿಡಿದ ಬ್ರೇಕು ಬಿಡುವುದಿಲ್ಲ. ಬಿಡದೆ ಉಜ್ಜಿ ಉಜ್ಜಿ ಕಾಯುತ್ತದೆ, ಕಾದಮೇಲೆ ಬೇಕಾದಾಗ ಹಿಡಿಯುವುದಿಲ್ಲ. ಮುದ್ದೇಬಿಹಾಳ ದಾಟಿ ತಂಗಡಗಿಗೆ ಹೋಗುವ ದಾರಿಯಲ್ಲಿ ಆಗ ಒಂದು ಹಳ್ಳವಿತ್ತು. ಎರಡೂ ಕಡೆಯಿಂದ ಕಡಿದಾದ ಇಳಿಜಾರು, ಕೆಳಗೆ ಪಕ್ಕದ ಗೋಡೆಯಿಲ್ಲದ ಕಿರುಸೇತುವೆ. ಚಿಕ್ಕಂದಿನಲ್ಲಿ ಅಲ್ಲಿ ಎರಡು ಸಲ ಗಾಡಿ ಉರುಳಿದ್ದನ್ನು ಕಂಡವನು ನಾನು. ಹೋಗುವಾಗ ಒಂದು ಸಲ, ಮಗಳನ್ನು ಕೂರಿಸಿಕೊಂಡು ಬರುವಾಗ ಇನ್ನೊಂದು ಸಲ, ಆ ಕಾರು ಅದನ್ನು ಇಳಿಯಬೇಕು.

ಚೀಲಕ್ಕೆ ಸ್ಪ್ಯಾನರುಗಳನ್ನೂ ಸೀಲು ಒಡೆಯದ ಒಂದು ಡಬ್ಬಿಯನ್ನೂ ಹಾಕಿಕೊಂಡು ಬಸ್ಸು ಹತ್ತಿದೆ. ಅವರ ಹಳ್ಳಿಗೆ ಟೆಲಿಫೋನು ಇರಲಿಲ್ಲ. ದೇವರ ಹಿಪ್ಪರಗಿಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು, ಕಂಡಕ್ಟರು ಭಜಿ ತಿಂದ. ಎದುರಿಗೆ ಒಂದು ಬಿಳಿ ಕಾರು ಬಂದರೆ ಎದ್ದು ನಿಲ್ಲುತ್ತಿದ್ದೆ. ಕಾರಿಗೆ ವಾರವಿಲ್ಲ ಎಂದು ನಾನು ಹೇಳಿದ ಮಾತು ನನ್ನ ಕಿವಿಯಲ್ಲೇ ಕುಟುಕುತ್ತಿತ್ತು. ಹಿರಿಯರು ಕಟ್ಟಿದ್ದ ಒಂದು ಒಡ್ಡನ್ನು ನಾನೇ ನಿಂತು ಒಡೆಸಿದ್ದೆ. ಬಸವಣ್ಣಾ, ಗೌಡರಿಗೆ ನನ್ನ ಮಾತು ಮರೆಸು ಎಂದು ಬೇಡಿಕೊಂಡೆ. ನನ್ನ ಮಾತನ್ನು ಯಾರೂ ಕೇಳದಿರಲಿ ಎಂದು ನಾನು ಬೇಡಿದ್ದು ಅದೊಂದೇ ಸಲ.

ಬಾಗೇವಾಡಿಯಲ್ಲಿ ಇಳಿದು ಹಳ್ಳಿಯವರೆಗೆ ಅರ್ಧ ದಾರಿ ನಡೆದು, ಅರ್ಧ ದಾರಿ ಓಡಿದೆ. ಸುಟ್ಟ ಕೈ ಉರಿಯುತ್ತಿತ್ತು. ಗೌಡರ ವಾಡೆಯ ಮುಂದೆ ಹೋದಾಗ ಕಾರು ನಿಲ್ಲಿಸುವ ಚಪ್ಪರ ಖಾಲಿ ಇತ್ತು. ಮಣ್ಣಿನಲ್ಲಿ ಗಾಲಿಯ ಗುರುತು ಹೊಸದಾಗಿತ್ತು. ಗೌಡತಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದರು.

"ಅವ್ವಾರ, ಕಾರು ಎಲ್ಲೈತ್ರಿ?"

"ಬಾ ಮೋನಪ್ಪ. ಅದು ಮುಂಜಾನೆನ ಹೋತಲ್ಲ. ಯಾಕ ಹಿಂಗ ಬೆವತೀದಿ? ಕುಂಡ್ರು, ನೀರ್ ತರ್ತೇನಿ" ಎಂದು ಅವರು ಒಳಗೆ ಹೋದರು.

ಕಟ್ಟೆಯ ಮೇಲೆ ಕೂತೆ. ಈಗ ಬಾಗೇವಾಡಿಗೆ ಹಿಂತಿರುಗಿ ಓಡಿ ಮುದ್ದೇಬಿಹಾಳದ ಬಸ್ಸು ಹಿಡಿದರೂ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಆ ಹೆಂಗಸಿನ ಕೈಯ ನೀರನ್ನು ನಾನು ಹೇಗೆ ಕುಡಿಯಲಿ? ಅವರು ತಂಬಿಗೆಯನ್ನೂ, ಜೊತೆಗೆ ಒಂದು ತುಂಡು ಬೆಲ್ಲವನ್ನೂ ತಂದು ಕೊಟ್ಟು, ಮತ್ತೆ ಮೊರದ ಮುಂದೆ ಕೂತರು.

"ಗೌಡ್ರು ತಂಗಡಗಿಗೆ ಹೋದ್ರೇನ್ರಿ?" ಎಂದು ಹೇಗೋ ಕೇಳಿದೆ.

"ತಂಗಡಗಿಗೆ? ಹೊಂಟಿದ್ರು. ನೀನ ಅವರ ತಲಿ ಕೆಡಿಸೀದಿಯಂತಲ್ಲ, ಕಾರಿಗೆ ವಾರ ಇಲ್ಲಂತ. ನಾ ತಲಬಾಗಲಾಗ ನಿಂತಬಿಟ್ಟೆ. ನನ್ನ ಮಗಳನ್ನ ಸೋಮವಾರ ಹೂಡಿದ್ರಾಗ ಕರ್ಕೊಂಡ ಬರ್ತೀನಿ ಅಂದ್ರ, ಮೊದಲ ನನ್ನ ದಾಟಿ ಹೋಗ್ರಿ ಅಂದ್ನಿ. ಸಿಟ್ಟಾಗಿ ನಮ್ಮ ಊರ ಹಳ್ಳಕ್ಕ ಹೋಗ್ಯಾರ, ಎತ್ತಿನ ಮೈ ತೊಳ್ಯಾಕ. ಕಾರಿಂದೂ ಮೈ ತೊಳೀತಾರಲ್ಲ, ಅಲ್ಲೀಮಟ ಹೋದ್ರ ಹೂಡಿದಂಗಲ್ಲ."

ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು ಎನ್ನುತ್ತಾರಲ್ಲ, ಅದು ಏನೆಂದು ಆ ದಿನ ನನಗೆ ಗೊತ್ತಾಯಿತು. ತಂಬಿಗೆ ಎತ್ತಿ ನೀರನ್ನೆಲ್ಲ ಕುಡಿದೆ. ಗೌಡತಿಯ ಕಾಲು ಮುಟ್ಟಿದೆ. "ಇವಗೇನಾತು?" ಎಂದು ಅವರು ಕಾಲು ಹಿಂದೆಳೆದುಕೊಂಡರು. ನಾನು ಹಳ್ಳದ ಕಡೆ ಓಡಿದೆ.

ಊರ ಕೆಳಗಿನ ಹಳ್ಳದಲ್ಲಿ ಮೊಣಕಾಲುದ್ದ ನೀರು. ಅದರ ನಡುವೆ ಬಿಳಿ ಅಂಬಾಸಡರ್ ನಿಂತಿತ್ತು. ಸುತ್ತ ಎಂಟು ಎತ್ತುಗಳು ಮೈ ತೊಳೆಸಿಕೊಂಡು ಮಿರಮಿರ ಮಿಂಚುತ್ತಿದ್ದವು. ಭೀಮಶಿ ಮತ್ತು ಆರೇಳು ಮಂದಿ ಕಾರನ್ನು ಹಿಂದಿನಿಂದ ತಳ್ಳುತ್ತಿದ್ದರು. ಅದು ಅಲ್ಲಾಡುತ್ತಿರಲಿಲ್ಲ. ಗೌಡರು ದಂಡೆಯ ಕಲ್ಲಿನ ಮೇಲೆ ಕೂತಿದ್ದರು.

"ಬಾ ಮಿಸ್ತ್ರಿ, ಛಲೋ ಹೊತ್ತಿಗೆ ಬಂದಿ" ಎಂದರು. "ಭೀಮಶಿ ನೀರಾಗ ಬ್ರೇಕ್ ಹಾಕ್ಯಾನ, ಬಿಡವಲ್ದು. ಎಂಟು ಎತ್ತು ಮುಂದ ನಿಂತಾವ. ಹಗ್ಗ ಕಟ್ಟಿದ್ರ ಒಂದ ಜಗ್ಗಿಗೆ ಬರ್ತಿತ್ತು. ಇವತ್ತ ಹೂಡಂಗಿಲ್ಲ. ನಿನಗೇನರ ನಗಿ ಬರ್ತೈತೇನು?"

ನನಗೆ ನಗು ಬರಲಿಲ್ಲ. ಸುಳ್ಳು ಹೇಳಲು ಜಾಗ ಇತ್ತು. ನೀರು ಹೊಕ್ಕಿದೆ ಎಂದರೆ ನಂಬುತ್ತಿದ್ದರು. ಆದರೆ ಬಸ್ಸಿನಲ್ಲಿ ಬೇಡಿಕೊಂಡವನು ಈಗ ಸುಳ್ಳು ಹೇಳಿದರೆ ಉಳಿಯುತ್ತಾನೆಯೇ?

"ಗೌಡ್ರ, ತಪ್ಪು ನಂದ್ರಿ. ನಿನ್ನೆ ಬ್ರೇಕಿಗೆ ನಮ್ಮ ಮನಿ ಕುಸುಬಿ ಎಣ್ಣಿ ಹಾಕೇನಿ. ಡಬ್ಬಿ ಅದಲಬದಲಾತು. ನೀವು ಪೂರಾ ಬದಲಿಸು ಅಂದಿದ್ರಿ, ನಾ ಮಾಡಲಿಲ್ಲ."

ಭೀಮಶಿ ತಳ್ಳುವುದನ್ನು ಬಿಟ್ಟು, "ಅಯ್ಯ, ಬ್ರೇಕು ಭಾಳ ಗಟ್ಟಿ ಆಗ್ಯಾವ, ಮಿಸ್ತ್ರಿ ಛಲೋ ಮಾಡ್ಯಾನ ಅಂತ ನಾ ಊರತುಂಬ ಹೇಳೇನಲ್ರಿ" ಎಂದ.

ಗೌಡರು ಎದ್ದು ನಿಂತು, "ಮೋನಪ್ಪಾ, ನನ್ನ ಮಗಳು ಏಳು ತಿಂಗಳ ಬಸುರಿ" ಎಂದರು. ಅಷ್ಟೇ ಎಂದರು. ಉಸ್ತಾದರ ಸ್ಪ್ಯಾನರು ಅಷ್ಟು ನೋಯಿಸಿರಲಿಲ್ಲ. ನಾನು ಪ್ಯಾಂಟು ಮಡಚಿ ನೀರಿಗಿಳಿದೆ.

ನಾಲ್ಕೂ ಗಾಲಿಯ ಗಾಳಿ ತೆಗೆಯುವ ತಿರುಪು ಬಿಚ್ಚಿದೆ. ಒತ್ತಿಕೊಂಡು ನಿಂತಿದ್ದ ಎಣ್ಣೆ ಚಿಮ್ಮಿ ಹೋಯಿತು, ಗಾಲಿ ಸಡಿಲಾಯಿತು. ಏಳು ಮಂದಿ ತಳ್ಳಿ ಕಾರನ್ನು ದಂಡೆಗೆ ತಂದರು, ಎತ್ತುಗಳು ಸುಮ್ಮನೆ ನೋಡಿದವು. ಮಂಗಳವಾರ ಮುಂಜಾನೆ ಭೀಮಶಿ ಬಿಜಾಪುರಕ್ಕೆ ಹೋಗಿ ಹೊಸ ರಬ್ಬರು ತಂದ. ನಾನು ಗೌಡರ ಅಂಗಳದಲ್ಲೇ ಕೂತು ಪ್ರತಿ ಕೊಳವೆಯನ್ನೂ ಸ್ಪಿರಿಟ್ಟಿನಿಂದ ಮೂರು ಸಲ ತೊಳೆದು, ಎಲ್ಲ ರಬ್ಬರು ಬದಲಿಸಿ, ಸೀಲು ಒಡೆದು ಹೊಸ ಎಣ್ಣೆ ತುಂಬಿದೆ. ಹಳೇ ಎಣ್ಣೆಯನ್ನು ಒಂದು ಬಟ್ಟಲಿಗೆ ಬಸಿದಾಗ ಇನ್ನೊಂದು ಸಂಗತಿ ಕಂಡಿತು. ಕುಸುಬಿ ಮೇಲೆ ತೇಲುತ್ತಿತ್ತು. ಕೆಳಗೆ ಉಳಿದ ಹಳೇ ಬ್ರೇಕಿನ ಎಣ್ಣೆಯಲ್ಲಿ ತುಕ್ಕಿನ ಪುಡಿ ಇತ್ತು. ನಾನು ಮೇಲಿನಿಂದ ನೋಡಿ ತಿಳಿ ಎಂದಿದ್ದ ಎಣ್ಣೆ ವರ್ಷಕ್ಕೂ ಹೆಚ್ಚು ಕಾಲ ಗಾಳಿಯಲ್ಲಿನ ನೀರು ಕುಡಿದು ಒಳಗೊಳಗೇ ಕಬ್ಬಿಣ ತಿನ್ನುತ್ತಿತ್ತು. ಅಂದರೆ ಕುಸುಬಿ ಇಲ್ಲದಿದ್ದರೂ ನನ್ನ ತೀರ್ಮಾನ ತಪ್ಪೇ.

ಬಟ್ಟಲನ್ನು ಗೌಡರಿಗೆ ತೋರಿಸಿದೆ. ಅವರು ನೋಡಿ, ಎತ್ತು ಕಟ್ಟಿದ್ದ ಗೋದಲಿಯ ಕಡೆ ಕೈ ಮಾಡಿದರು.

"ಗಾಡಿ ಕೂಗತೈತಿ, ಅದಕ್ಕ ಕೂಗಿದಾಗ ಎಣ್ಣಿ. ಎತ್ತು ಕೂಗಂಗಿಲ್ಲ. ಹೊಟ್ಯಾಗ ಏನ ಬ್ಯಾನಿ ಇದ್ರೂ ಬೀಳೂಮಟ ಎಳೀತೈತಿ. ಅದಕ್ಕ ಹಿರ್ಯಾರು ದಿನಾ ಗೊತ್ತು ಮಾಡ್ಯಾರ. ಬ್ಯಾನಿ ಇರಲಿ, ಬಿಡಲಿ, ಆ ದಿನ ಬಿಡಬೇಕು, ಆ ದಿನ ಕುಡಿಸಬೇಕು. ಈಗ ಹೇಳು, ನಿನ್ನ ಬ್ರೇಕು ಗಾಡಿಯೋ ಎತ್ತೋ?"

"ಎತ್ರಿ" ಎಂದೆ.

ನನ್ನ ಕೆಲಸದ ರೀತಿ ಬದಲಾದದ್ದು ಆ ಅಂಗಳದಲ್ಲಿ. ಗ್ಯಾರೇಜಿನ ಗೋಡೆಗೆ ಸುಣ್ಣ ಬಳಿಸಿ, ಕೆಮ್ಮಣ್ಣಿನಲ್ಲಿ ಬರೆದೆ. ಕಾರಹುಣ್ಣಿಮೆಗೆ ಬ್ರೇಕಿನ ಎಣ್ಣೆ, ನೋಡಲು ಹೇಗಿದ್ದರೂ ಸರಿ. ದೀಪಾವಳಿಗೆ ಮತ್ತು ಯುಗಾದಿಗೆ ರೇಡಿಯೇಟರ್ ನೀರು. ಇಂಜಿನ್ ಆಯಿಲಿಗೆ ಮಾತ್ರ ಬೆರಳು ಉಳಿಸಿಕೊಂಡೆ, ಆದರೆ ಎಳ್ಳಮಾವಾಸ್ಯೆ ದಾಟಿಸುವಂತಿಲ್ಲ. ಮೈಲು ಮರೆಯುವವರು ಹಬ್ಬ ಮರೆಯುವುದಿಲ್ಲ. ಗಿರಾಕಿಗಳು ತಾವಾಗಿಯೇ ಬರತೊಡಗಿದರು. ಇಂಡಿಯ ಆ ಹೆಣ್ಣುಮಗಳು ಕೂಡ ಮೊದಲ ಮಳೆಯ ಮಾಳಿಗೆ ನೀರನ್ನು ಹಿಡಿದಿಟ್ಟು ಜೀಪಿಗೆ ಹಾಕಿಸಿದಳಂತೆ. ನಾನು ಹೇಳದೆ ಬಿಟ್ಟ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು. ನಿಮಗೆ ಈಗ ಮೊಬೈಲಿನಲ್ಲಿ ಸಂದೇಶ ಬರುತ್ತದೆ, ಒಳ್ಳೆಯದೇ. ಅದು ಬಂದಾಗ ಬಗ್ಗಿ ನೋಡಿ, "ಇನ್ನ ತಿಳಿ ಐತಿ" ಎನ್ನಬೇಡಿ. ಮತ್ತು ಅಡುಗೆ ಎಣ್ಣೆಯನ್ನು ಗ್ಯಾರೇಜಿನ ಹಲಗೆಯ ಮೇಲೆ ಇಡಬೇಡಿ.

ಬುಧವಾರ ತಂಗಡಗಿಗೆ ಹೊರಟಾಗ ಗೌಡರು ಮುಂದಿನ ಬಾಗಿಲು ತೆಗೆದು, "ಹತ್ತು. ನೀ ಮುಂದ ಕುಂಡ್ರು" ಎಂದರು. ನಂಬಿಕೆಯೋ ಶಿಕ್ಷೆಯೋ ನಾನು ಕೇಳಲಿಲ್ಲ. ಹೋಗುವಾಗ ಮುದ್ದೇಬಿಹಾಳ ದಾಟಿದ ಮೇಲಿನ ಆ ಹಳ್ಳದ ಇಳಿಜಾರಿನಲ್ಲಿ ಮೂರು ಸಲ ಕಾರು ನಿಲ್ಲಿಸಿ ನೋಡಿದೆವು. ಮೂರು ಸಲವೂ ಹಿಡಿಯಿತು, ಮೂರು ಸಲವೂ ಬಿಟ್ಟಿತು. ಆದರೂ ಬರುವಾಗ, ಗೌರಕ್ಕ ಹಿಂದಿನ ಸೀಟಿನಲ್ಲಿ ಹಸಿರು ಸೀರೆಯುಟ್ಟು ಅಪ್ಪನ ಪಕ್ಕ ಕೂತಾಗ, ನಾನು ಭೀಮಶಿಯ ಕಾಲಿನಿಂದ ಕಣ್ಣು ತೆಗೆಯಲಿಲ್ಲ.

ಅವಳು ಮಡಿಲಿನಲ್ಲಿ ಶೇಂಗಾ ಇಟ್ಟುಕೊಂಡು ಸುಲಿದು ತಿನ್ನುತ್ತ, ಅಪ್ಪನಿಗೂ ಕೊಡುತ್ತ, ಅತ್ತೆಯ ಮನೆಯ ಸುದ್ದಿ ಹೇಳುತ್ತಿದ್ದಳು. ಇಳಿಜಾರಿನ ಅರ್ಧಕ್ಕೆ ಬಂದಿದ್ದೆವು. ಕೆಳಗೆ ಸೇತುವೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಕುರಿ ಹಿಂಡು ಹತ್ತಿತು. ಹಿಂದೆ ಕಂಬಳಿ ಹೊದ್ದ ಕುರುಬ, ಅವನಿಗೆ ನಮ್ಮ ಗೊಡವೆಯೇ ಇಲ್ಲ. ಸೇತುವೆಯ ತುಂಬ ಕುರಿ, ಎರಡೂ ಪಕ್ಕ ಗೋಡೆಯಿಲ್ಲ. ಭೀಮಶಿಯ ಕಾಲು ಪೆಡಲಿನ ಮೇಲೆ ಹೋಯಿತು. ಗೊತ್ತಿಲ್ಲದೆಯೇ ನಾನೂ ಬರಿ ನೆಲವನ್ನು ಒತ್ತಿದೆ. ಕಾರು ಎಳೆದಾಡದೆ, ಕೂಗದೆ, ಕೊನೆಯ ಕುರಿಗೆ ಎರಡು ಮಾರು ಇರುವಾಗ ನಿಂತಿತು.

ಗೌರಕ್ಕ ಒಂದು ಕ್ಷಣ ಮಾತು ನಿಲ್ಲಿಸಿ ಕಿಟಕಿಯಿಂದ ಕುರಿಗಳನ್ನು ನೋಡಿದಳು. ಆಮೇಲೆ, "ಹಾಂ, ಎಲ್ಲಿದ್ನಿ ನಾನು?" ಎಂದು ಕೇಳಿ, ಅತ್ತೆಯ ಸುದ್ದಿಯನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

ಹಿಂಡು ದಾಟಿತು. ಭೀಮಶಿ ಕಾಲೆತ್ತಿದ, ಬ್ರೇಕು ಬಿಟ್ಟಿತು, ಕಾರು ಮುಂದೆ ಸರಿಯಿತು. ಹಿಂದಿನಿಂದ ಗೌಡರ ಕೈ ನನ್ನ ಹೆಗಲ ಮೇಲಿಂದ ಬಂತು. ಅಂಗೈಯಲ್ಲಿ ಸುಲಿದ ಶೇಂಗಾ ಇತ್ತು. "ತೊಗೊ ಮಿಸ್ತ್ರಿ" ಎಂದರು. ನಾನು ಬಟ್ಟೆ ಕಟ್ಟಿದ ಕೈಯಲ್ಲೇ ತೆಗೆದುಕೊಂಡು, ಕಣ್ಣು ಒರೆಸಿಕೊಂಡು ತಿಂದೆ.